ಹಿಂದಿನ ಕೋಣೆಯ ಬೀಗ ತೆಗೆಯಿರಿ



ಕಳೆದ ತಿಂಗಳು ನಮ್ಮ ಸಂಘದ ಕಾರ್ಯಕಾರಿ ಸಮಿತಿಯ ಮುಂದೆ ಒಂದು ಅರ್ಜಿ ಬಂದಿತ್ತು. ಅರ್ಜಿದಾರರು ಮೂವರು ತರುಣರು. ಒಬ್ಬನು ಹೋಟೆಲಿನ ಅಡುಗೆಮನೆಯಲ್ಲಿ ದೋಸೆಯ ಕಾವಲಿಯ ಮುಂದೆ ನಿಲ್ಲುವವನು. ಇನ್ನೊಬ್ಬನು ಬೆನ್ನಿಗೆ ಚೀಲ ಕಟ್ಟಿಕೊಂಡು ಮನೆಮನೆಗೆ ಊಟದ ಪೊಟ್ಟಣ ಮುಟ್ಟಿಸುವವನು. ಮೂರನೆಯವನು ಗಿರಣಿ ಕೆಲಸಗಾರನ ಮೊಮ್ಮಗ, ಕುರ್ಲಾದ ಒಂದು ಗ್ಯಾರೇಜಿನಲ್ಲಿ ದುಡಿಯುವವನು. ಚಾಳಿನ ಮೆಟ್ಟಿಲ ಕೆಳಗೆ ವರ್ಷಗಟ್ಟಲೆ ಧೂಳು ತಿನ್ನುತ್ತಿರುವ ಒಂದು ಹಳೆಯ ಜಾವಾ ಮೋಟಾರು ಸೈಕಲನ್ನು ಬಿಚ್ಚಿ, ತೊಳೆದು, ಸರಿಪಡಿಸಿ, 'ಕೆಫೆ ರೇಸರ್' ಎಂಬ ಮಾದರಿಯಲ್ಲಿ ಮತ್ತೆ ಕಟ್ಟಬೇಕೆಂಬುದು ಅವರ ಆಸೆ. ಅದಕ್ಕಾಗಿ ಸಂಘದ ಹಿಂದಿನ ಕೋಣೆಯನ್ನು ವಾರಕ್ಕೆ ಎರಡು ಸಂಜೆ ಬಿಟ್ಟುಕೊಡಬೇಕು. ಕಲಿಯಬಯಸುವ ಬೇರೆ ಹುಡುಗರಿಗೂ ಅಲ್ಲಿ ಕೆಲಸ ಕಲಿಸುತ್ತೇವೆ ಎಂದು ಬರೆದಿದ್ದರು. ಹಣ ಕೇಳಿರಲಿಲ್ಲ.

ಹಿಂದಿನ ಕೋಣೆಯಲ್ಲಿ ಈಗ ಏನಿದೆ ಎಂಬುದು ಸದಸ್ಯರೆಲ್ಲರಿಗೂ ತಿಳಿದದ್ದೇ. ಗಣೇಶೋತ್ಸವದ ಮಂಟಪದ ಬಿದಿರು, ಕಾಲು ಮುರಿದ ಕುರ್ಚಿಗಳು, ಯಾವುದೋ ಕಾಲದ ನಾಟಕದ ಪರದೆ, ಮತ್ತು ಇವನ್ನೆಲ್ಲ ಕಾಯುವ ಒಂದು ಬೀಗ.

ಸಮಿತಿಯ ಹಿರಿಯರು ಹತ್ತು ನಿಮಿಷವೂ ಯೋಚಿಸದೆ ಅರ್ಜಿಯನ್ನು ತಳ್ಳಿಹಾಕಿದರು. ಅವರು ಕೊಟ್ಟ ಕಾರಣಗಳು ನಾಲ್ಕು. ಒಂದು, ಇದು ವಿಲಾಯತಿಯ ಪೋಕರಿಗಳ ಚಟ. ಎರಡು, ಇದು ಬಡವರ ಮಕ್ಕಳು ಹಣ ಸುಡುವ ದಾರಿ. ಮೂರು, ಇದು ಕಾನೂನಿಗೆ ವಿರುದ್ಧ. ನಾಲ್ಕು, ಸಂಘವೇನು ಗ್ಯಾರೇಜೇ?

ಮುಂದಿನ ತಿಂಗಳ ವಾರ್ಷಿಕ ಮಹಾಸಭೆಯಲ್ಲಿ ಈ ಪ್ರಶ್ನೆ ಮತ್ತೆ ಏಳಲಿದೆ. ಹಿರಿಯರ ಮೇಲೆ ನಮಗೆ ಗೌರವವಿದೆ. ಅವರು ಕಟ್ಟಿದ ಸಂಘದ ನೆರಳಿನಲ್ಲಿಯೇ ನಾವು ನಾಲ್ಕಕ್ಷರ ಕಲಿತವರು. ಆದರೆ ಗೌರವವೆಂದರೆ ಬಾಯಿ ಮುಚ್ಚಿ ಕೂರುವುದಲ್ಲ. ಆದುದರಿಂದ ನಾಲ್ಕು ಕಾರಣಗಳನ್ನೂ ಒಂದೊಂದಾಗಿ ತೂಗಿ ನೋಡೋಣ.

ಪೋಕರಿಗಳು ಯಾರು?

ಕೆಫೆ ಎಂಬ ಮಾತು ಕೇಳಿ ಹಿರಿಯರು ಬೆದರಿದರು. ಕೆಫೆ ಎಂದರೆ ಬೇರೇನೂ ಅಲ್ಲ, ಹೋಟೆಲು. ಲಂಡನ್ನಿನ ವಾಯವ್ಯಕ್ಕೆ ನಾರ್ತ್ ಸರ್ಕ್ಯುಲರ್ ಎಂಬ ಹೆದ್ದಾರಿಯ ಪಕ್ಕದಲ್ಲಿ 1938ರಲ್ಲಿ ಏಸ್ ಕೆಫೆ ಎಂಬ ಹೋಟೆಲು ಶುರುವಾಯಿತು. ಅದು ದೊರೆಗಳು ಕುಳಿತು ಹರಟುವ ಜಾಗವಲ್ಲ. ಲಾರಿ ಚಾಲಕರು ಹೊಟ್ಟೆ ತುಂಬಿಸಿಕೊಳ್ಳುವ ಜಾಗ. ಮಹಾಯುದ್ಧದಲ್ಲಿ ಬಾಂಬಿಗೆ ತುತ್ತಾಯಿತು; 1949ರಲ್ಲಿ ಮತ್ತೆ ಕಟ್ಟಿದರು. ಹಗಲೂ ರಾತ್ರಿಯೂ ಬಾಗಿಲು ತೆರೆದಿರುತ್ತಿದ್ದುದರಿಂದ ಪಾಳಿ ಮುಗಿಸಿದ ಹುಡುಗರು ತಮ್ಮ ಮೋಟಾರು ಸೈಕಲ್ಲುಗಳ ಮೇಲೆ ಅಲ್ಲಿಗೆ ಬರತೊಡಗಿದರು. ಒಂದು ಲೋಟ ಚಹಾದ ಮುಂದೆ ತಾಸುಗಟ್ಟಲೆ ಕೂರುವ ಗಿರಾಕಿಗಳನ್ನು ಕಂಡಿರದ ಹೋಟೆಲು ಕೆಲಸಗಾರ ನಮ್ಮಲ್ಲಿ ಯಾರಿದ್ದಾರೆ?

ಈ ಹುಡುಗರು ಯಾರ ಮಕ್ಕಳು? ಕಾರ್ಖಾನೆಯ ಅಪ್ರೆಂಟಿಸರು, ಗ್ಯಾರೇಜಿನ ಕೈಯಾಳುಗಳು, ಸಾಮಾನು ಮುಟ್ಟಿಸುವವರು. ಯುದ್ಧಾನಂತರದ ಕೆಲಸದಿಂದ ಕೈಯಲ್ಲಿ ನಾಲ್ಕು ಕಾಸು ಓಡಾಡತೊಡಗಿತ್ತು. 1958ರಲ್ಲಿ ಕಂತಿನ ವ್ಯಾಪಾರದ ಮೇಲಿನ ಸರಕಾರಿ ನಿರ್ಬಂಧವೂ ಹೋಯಿತು. ಸಾಧಾರಣ ಗಾಡಿ ಕೈಗೆ ಎಟುಕಿತು. ಆದರೆ ಅವರು ಮೋಹಿಸಿದ್ದು ರೇಸಿನ ಗಾಡಿಯನ್ನು; ಅದು ಅವರ ಸಂಬಳಕ್ಕೆ ಎಟುಕುವಂತಿರಲಿಲ್ಲ. ಎಟುಕದ್ದನ್ನು ಅವರು ತಾವೇ ಮಾಡಿಕೊಂಡರು.

ಹೇಗೆ ಮಾಡಿದರು? ಎತ್ತರದ ಹ್ಯಾಂಡಲ್ ಕಳಚಿ, ಮುಂದಿನ ಫೋರ್ಕಿನ ಎರಡು ಕೊಳವೆಗಳಿಗೆ ಬಿಗಿಯುವ ಎರಡು ಗಿಡ್ಡ ಹಿಡಿಗಳನ್ನು ಹಾಕಿದರು. ಸವಾರ ಮುಂದಕ್ಕೆ ಬಾಗಿದ. ಎದೆಗೆ ಬಡಿಯುವ ಗಾಳಿ ಕಡಿಮೆಯಾಯಿತು. ವೇಗ ಎರಡು ಪಟ್ಟಾದರೆ ಗಾಳಿಯ ತಡೆ ನಾಲ್ಕು ಪಟ್ಟಾಗುತ್ತದೆ ಎಂಬುದನ್ನು ಅವರಿಗೆ ಕಾಲೇಜು ಕಲಿಸಲಿಲ್ಲ, ರಸ್ತೆ ಕಲಿಸಿತು. ಮೈ ಮುಂದಕ್ಕೆ ಹೋದ ಮೇಲೆ ಕಾಲೂ ಹಿಂದಕ್ಕೆ ಹೋಗಬೇಕಲ್ಲವೇ? ಕಾಲಿಡುವ ಕಡ್ಡಿಗಳನ್ನು ಹಿಂದಕ್ಕೂ ಮೇಲಕ್ಕೂ ಸರಿಸಿದರು. ತಿರುವಿನಲ್ಲಿ ಗಾಡಿ ವಾಲಿದಾಗ ಅವು ನೆಲಕ್ಕೆ ಉಜ್ಜುವುದೂ ತಪ್ಪಿತು. ಒಬ್ಬನೇ ಕೂರುವ ಸೀಟು, ಅದರ ಬೆನ್ನಿಗೊಂದು ಡುಬ್ಬ, ತಗ್ಗಾದ ಉದ್ದನೆಯ ಟಾಂಕಿ. ಗಂಟೆಗೆ 100 ಮೈಲು, ಅಂದರೆ 161 ಕಿಲೋಮೀಟರು ಮುಟ್ಟುವುದು ಅವರ ಗುರಿ. ನಿಜವಾದ ರೇಸಿಗೆ ಹೋಗದೆ ಹೋಟೆಲಿನಿಂದ ಹೋಟೆಲಿಗೆ ಓಡಿಸುವವರೆಂದು ಗೇಲಿ ಮಾಡಲು ಹುಟ್ಟಿದ ಹೆಸರೇ 'ಕೆಫೆ ರೇಸರ್' ಎನ್ನುತ್ತಾರೆ. ಗೇಲಿಯ ಹೆಸರನ್ನೇ ಅವರು ಬಿರುದು ಮಾಡಿಕೊಂಡರು.

ಅವರ ಕೈಚಳಕದ ಒಂದೇ ಒಂದು ಉದಾಹರಣೆ ಕೊಡುತ್ತೇವೆ. ಆ ಕಾಲದಲ್ಲಿ ನಾರ್ಟನ್ ಕಂಪನಿಯ ಚಾಸಿ ತಿರುವಿನಲ್ಲಿ ಸ್ಥಿರವಾಗಿ ನಿಲ್ಲುವುದರಲ್ಲಿ ಎಲ್ಲಕ್ಕಿಂತ ಮೇಲು. ಟ್ರಯಂಫ್ ಕಂಪನಿಯ ಎರಡು ಸಿಲಿಂಡರಿನ ಎಂಜಿನ್ ಶಕ್ತಿಯಲ್ಲಿ ಮೇಲು. ಎರಡೂ ಒಂದೇ ಗಾಡಿಯಲ್ಲಿ ಸಿಗಬೇಕೆಂದರೆ ಕಂಪನಿಗಳು ಕೊಡುವುದಿಲ್ಲ. ಅವು ಪರಸ್ಪರ ಸ್ಪರ್ಧಿಗಳು. ಇತ್ತ 500 ಸಿಸಿಯ ಸಣ್ಣ ರೇಸು ಕಾರು ಕಟ್ಟುವ ಹಣವಂತರು ನಾರ್ಟನ್ ರೇಸು ಗಾಡಿಯನ್ನು ಇಡಿಯಾಗಿ ಕೊಂಡು, ಎಂಜಿನ್ ಕಿತ್ತುಕೊಂಡು, ಚಾಸಿಯನ್ನು ಮೂಲೆಗೆ ಎಸೆಯುತ್ತಿದ್ದರು. ಎಸೆದ ಆ ಚಾಸಿಯನ್ನು ತಂದು ಅದರಲ್ಲಿ ಟ್ರಯಂಫ್ ಎಂಜಿನ್ ಕೂರಿಸಿದವರಿದ್ದರು. ಹುಟ್ಟಿದ ಗಾಡಿಗೆ ಎರಡೂ ಹೆಸರು ಬೆರೆಸಿ 'ಟ್ರೈಟನ್' ಎಂದರು. ಬಾರ್ಸಿಲೋನಾದಲ್ಲಿ ನಡೆಯುತ್ತಿದ್ದ 24 ಗಂಟೆಗಳ ಓಟವನ್ನು 1965ರಲ್ಲಿ ಗೆದ್ದದ್ದು ಅಂಥದೊಂದು ಟ್ರೈಟನ್. ಎರಡು ಕಾರ್ಖಾನೆಗಳ ಧಣಿಗಳು ಕೂಡಿಸಲಾರದ್ದನ್ನು ಪಾನಾ ಹಿಡಿದ ಕೈಗಳು ಕೂಡಿಸಿದವು. ಇದು ಪೋಕರಿತನವಾದರೆ ಕಸುಬು ಎಂದರೆ ಯಾವುದು?

ಅವರಲ್ಲಿ ಪುಂಡರು ಇರಲಿಲ್ಲವೆಂದು ನಾವು ಹೇಳುವುದಿಲ್ಲ. ಬರಿಯ ತಲೆಯಲ್ಲಿ ಓಡಿಸಿ ರಸ್ತೆಯ ಮೇಲೆ ಜೀವ ಬಿಟ್ಟ ಹುಡುಗರು ಎಷ್ಟೋ; ಬ್ರಿಟನ್ನಿನಲ್ಲಿ ಹೆಲ್ಮೆಟ್ ಕಡ್ಡಾಯವಾದದ್ದು 1973ರಲ್ಲಿ. ಆ ತಾಯಂದಿರ ಕಣ್ಣೀರನ್ನು ನಾವು ಹಗುರವಾಗಿ ನೋಡುವವರಲ್ಲ. 1964ರಲ್ಲಿ ಸಮುದ್ರ ತೀರದ ಊರುಗಳಲ್ಲಿ ಎರಡು ಗುಂಪಿನ ಹುಡುಗರು ಹೊಡೆದಾಡಿಕೊಂಡದ್ದೂ ನಿಜ. ಆದರೆ ಪತ್ರಿಕೆಗಳು ಅದನ್ನು ಎಷ್ಟು ಊದಿ ಬರೆದವು, ಒಂದು ಪೀಳಿಗೆಯನ್ನೇ ಹೇಗೆ ರಾಕ್ಷಸರನ್ನಾಗಿ ಚಿತ್ರಿಸಿದವು ಎಂಬುದನ್ನು ಸ್ಟಾನ್ಲಿ ಕೋಹೆನ್ ಎಂಬ ಸಮಾಜಶಾಸ್ತ್ರಜ್ಞರು 1972ರ ತಮ್ಮ ಪುಸ್ತಕದಲ್ಲಿ ಬಿಡಿಸಿ ತೋರಿಸಿದ್ದಾರೆ. ಮುಷ್ಕರ ಹೂಡಿದ ಗಿರಣಿ ಕೆಲಸಗಾರರನ್ನು ಗೂಂಡಾಗಳೆಂದು ಕರೆದ ಪತ್ರಿಕೆಗಳನ್ನು ನಮ್ಮ ಹಿರಿಯರೂ ಓದಿದವರೇ. ತಮ್ಮ ವಿಷಯದಲ್ಲಿ ನಂಬದ ಮಾತನ್ನು ಬೇರೊಂದು ನಾಡಿನ ಕಾರ್ಮಿಕರ ಮಕ್ಕಳ ವಿಷಯದಲ್ಲಿ ಅವರು ಹೇಗೆ ನಂಬಿದರು?

ಇನ್ನೊಂದು ಮಾತು. ಟ್ರೈಟನ್ನಿನ ಹೃದಯವಾದ ಆ ಟ್ರಯಂಫ್ ಎಂಜಿನ್ನುಗಳು ತಯಾರಾಗುತ್ತಿದ್ದುದು ಮೆರಿಡನ್ ಎಂಬ ಊರಿನ ಕಾರ್ಖಾನೆಯಲ್ಲಿ. 1973ರಲ್ಲಿ ಅದನ್ನು ಮುಚ್ಚುತ್ತೇವೆಂದು ಧಣಿಗಳು ಸಾರಿದಾಗ ಕಾರ್ಮಿಕರು ಗೇಟಿನಿಂದ ಕದಲಲಿಲ್ಲ. ಒಂದೂವರೆ ವರ್ಷ ಪಟ್ಟು ಹಿಡಿದು ಕೂತರು. 1975ರಲ್ಲಿ ಅದನ್ನು ತಮ್ಮದೇ ಸಹಕಾರಿ ಸಂಘವನ್ನಾಗಿ ಮಾಡಿಕೊಂಡು 1983ರವರೆಗೆ ನಡೆಸಿದರು. ಕೊನೆಗೆ ಅದೂ ಮುಚ್ಚಿತು. ಅದು ಬೇರೆ ಕಥೆ. ಆದರೆ ಈ ಗಾಡಿಗಳ ಹಿಂದಿರುವ ಚರಿತ್ರೆ ಪುಂಡರ ಚರಿತ್ರೆಯಲ್ಲ, ಕಾರ್ಮಿಕರ ಚರಿತ್ರೆ ಎಂಬುದಕ್ಕೆ ಇಷ್ಟು ಸಾಕು.

ಭಂಗಾರವೋ, ಬಂಗಾರವೋ?

ಇನ್ನು ಹಣದ ಮಾತು. ಮೊದಲು ಆ ಜಾವಾದ ಕಥೆ ಕೇಳಿ.

ಜಾವಾ ಚೆಕೊಸ್ಲೊವಾಕಿಯದಲ್ಲಿ ಹುಟ್ಟಿದ ಗಾಡಿ. ಅದನ್ನು ಮುಂಬಯಿಗೆ ತರಿಸಿ ಮಾರುತ್ತಿದ್ದ ರುಸ್ತುಂ ಇರಾನಿಯವರು ಮೈಸೂರಿನಲ್ಲಿ ಐಡಿಯಲ್ ಜಾವಾ ಕಾರ್ಖಾನೆ ತೆರೆದರು. 1961ರಿಂದ ಅಲ್ಲಿ ಗಾಡಿಗಳು ಹೊರಬಂದವು. 1970ರ ದಶಕದಲ್ಲಿ ಅದೇ ಕಾರ್ಖಾನೆಯ ಗಾಡಿಗೆ ಯೆಜ್ಡಿ ಎಂದು ಹೆಸರಾಯಿತು. ನಮ್ಮ ಜನ ಊರಿಗೆ ಹೋದಾಗ ದಾರಿಯಲ್ಲಿ ಆ ಸದ್ದು ಕೇಳಿದರೆ, ನೋಡದೆಯೇ ಇದು ಮೈಸೂರಿನ ಗಾಡಿ ಎನ್ನುತ್ತಿದ್ದರು. 1996ರಲ್ಲಿ ಕಾರ್ಖಾನೆಗೆ ಬೀಗ ಬಿತ್ತು. ಅಲ್ಲಿ ದುಡಿದವರು ಬೀದಿಗೆ ಬಂದರು.

ಅಂಥ ಒಂದು ಜಾವಾ ನಮ್ಮ ಗಿರಣಗಾವಿನ ಒಂದು ಹೋಟೆಲಿನಲ್ಲಿತ್ತು. ಬೆಳಗಿನ ಜಾವ ಬೈಖಲಾ ಮಾರುಕಟ್ಟೆಯಿಂದ ತರಕಾರಿಯ ಚೀಲ ಹೊತ್ತು ತರುವುದು ಅದರ ಕೆಲಸ. ಆ ಹೋಟೆಲಿನ ಗಿರಾಕಿಗಳು ಯಾರು? ಗಿರಣಿಯ ಮೂರು ಪಾಳಿಯ ಕೆಲಸಗಾರರು. 1982ರ ಜನವರಿ 18ರಂದು ಸುಮಾರು 2.5 ಲಕ್ಷ ಗಿರಣಿ ಕಾರ್ಮಿಕರ ಮುಷ್ಕರ ಶುರುವಾಯಿತು. ಗಿರಣಿಯ ಭೋಂಗಾ ನಿಂತಿತು. ಅದರ ಹಿಂದೆಯೇ ಹೋಟೆಲಿನ ಒಲೆಯೂ ಆರಿತು. ಗಿರಣಿ ಕೆಲಸಗಾರನೂ ಹೋಟೆಲು ಕೆಲಸಗಾರನೂ ಬೇರೆ ಬೇರೆಯೆಂದು ತಿಳಿದವರು ಆ ವರ್ಷ ಪಾಠ ಕಲಿತರು. ಅಂಗಡಿ ಮುಚ್ಚುವಾಗ ಯಜಮಾನರು ಬಾಣಸಿಗನಿಗೆ ತಿಂಗಳುಗಟ್ಟಲೆಯ ಬಾಕಿ ಸಂಬಳ ಕೊಡಲಾರದೆ ಆ ಜಾವಾವನ್ನು ಕೊಟ್ಟರು. ಸಂಬಳದ ಬದಲು ಕಬ್ಬಿಣ! ಆ ಬಾಣಸಿಗ ಈಗಿಲ್ಲ. ಕಾವಲಿಯ ಮುಂದೆ ನಿಲ್ಲುವ ಹುಡುಗ ಅವರ ಮೊಮ್ಮಗ.

ಈಗ ಗುಜರಿಯವನು ಬಂದು ಅದನ್ನು ಕಿಲೋ ಲೆಕ್ಕದಲ್ಲಿ ಕೇಳುತ್ತಿದ್ದಾನೆ. ಮುಂಬಯಿಯ ಮಾತಿನಲ್ಲಿ ಭಂಗಾರವೆಂದರೆ ಗುಜರಿ. ನಮ್ಮ ಮಾತಿನಲ್ಲಿ ಬಂಗಾರವೆಂದರೆ ಚಿನ್ನ. ಅಜ್ಜನ ಬೆವರಿಗೆ ಸಿಕ್ಕ ಒಂದೇ ಒಂದು ಸಂಬಳವನ್ನು ಮೊಮ್ಮಗ ತೂಕಕ್ಕೆ ಮಾರಬೇಕೋ, ಎಬ್ಬಿಸಿ ನಿಲ್ಲಿಸಬೇಕೋ? ಹಣ ಸುಡುವುದರ ಬಗ್ಗೆ ಉಪದೇಶ ಮಾಡಿದ ಹಿರಿಯರು ಈ ಪ್ರಶ್ನೆಗೆ ಉತ್ತರ ಕೊಡಲಿ.

ಹಣ ನಿಜವಾಗಿ ಸುಡುವುದು ಎಲ್ಲಿ ಎಂದು ನಾವು ಹೇಳುತ್ತೇವೆ. ಕೆಫೆ ರೇಸರ್ ಈಗ ಷೋರೂಮಿನ ಗಾಜಿನೊಳಕ್ಕೆ ಹೋಗಿದೆ. ಟ್ರಯಂಫ್ ಎಂಬ ಹೆಸರಿನ ಹೊಸ ಕಂಪನಿ 2004ರಲ್ಲಿ ಥ್ರಕ್ಸ್‌ಟನ್ ಎಂಬ ತಯಾರು ಗಾಡಿಯನ್ನು ಮಾರುಕಟ್ಟೆಗೆ ತಂದಿತು. ಇಂಗ್ಲೆಂಡಿನಲ್ಲಿ ಹುಟ್ಟಿ 1955ರಲ್ಲಿ ಮದರಾಸಿಗೆ ಬಂದ ರಾಯಲ್ ಎನ್‌ಫೀಲ್ಡ್, ತನ್ನ 1960ರ ದಶಕದ ಕಾಂಟಿನೆಂಟಲ್ ಜಿಟಿಯ ಹೆಸರನ್ನು 2013ರಲ್ಲಿ 535 ಸಿಸಿಯ ಗಾಡಿಗೂ 2018ರಲ್ಲಿ 650 ಸಿಸಿಯ ಗಾಡಿಗೂ ಇಟ್ಟಿತು. 650ರ ಬೆಲೆ ಇಂದು ಮೂರು ಲಕ್ಷ ರೂಪಾಯಿಗೂ ಮೇಲು. ಇವು ಕೆಟ್ಟ ಗಾಡಿಗಳೆಂದು ನಾವು ಹೇಳುವುದಿಲ್ಲ. ಅವನ್ನು ಮಾಡುವವರೂ ನಮ್ಮಂಥ ದುಡಿಯುವವರೇ. ನಮ್ಮ ಸಿಟ್ಟು ಬೇರೆ. ರೇಸಿನ ಗಾಡಿ ಕೊಳ್ಳಲಾಗದ ಬಡ ಹುಡುಗ ತನ್ನ ಕೈಯಾರೆ ಮಾಡಿಕೊಂಡದ್ದು ಯಾವುದೋ, ಅದನ್ನೇ ಇಂದು ಅವನಂಥ ಬಡ ಹುಡುಗನಿಗೆ ಕಂತಿನ ಸಾಲದಲ್ಲಿ ಮಾರಲಾಗುತ್ತಿದೆ. ಬಾಗಿದ ಬೆನ್ನು ಉಳಿದಿದೆ, ಡುಬ್ಬದ ಸೀಟು ಉಳಿದಿದೆ. ಮಾಡುವ ಕೈ ಮಾತ್ರ ಮಾಯವಾಗಿದೆ. ದುಡಿಯುವವನ ಬುದ್ಧಿಯನ್ನು ಕಸಿದು ಅವನಿಗೇ ಮರಳಿ ಮಾರುವ ವ್ಯಾಪಾರ ಇದು.

ಜಾವಾದ ಹೆಸರೂ 2018ರಲ್ಲಿ ಮರಳಿ ಬಂತು. ಯೆಜ್ಡಿಯ ಹೆಸರು 2022ರಲ್ಲಿ ಬಂತು. ಗಾಡಿಗಳು ಮಾತ್ರ ಮಧ್ಯಪ್ರದೇಶದ ಪೀತಂಪುರದಿಂದ ಬಂದವು. ಹೆಸರು ಮರಳಿತು, ಮೈಸೂರಿನ ಕೆಲಸ ಮರಳಲಿಲ್ಲ. ಹೆಸರಿಗೆ ಬೆಲೆ ಕಟ್ಟುತ್ತಾರೆ. ಆ ಹೆಸರು ತಂದುಕೊಟ್ಟ ಕೈಗಳಿಗೆ ಯಾರೂ ಬೆಲೆ ಕಟ್ಟುವುದಿಲ್ಲ.

ಆದುದರಿಂದ ಲೆಕ್ಕ ಸರಿಯಾಗಿ ಹಾಕಿರಿ. ಹೊಸ ಗಾಡಿಗೆ ಸಾಲ ಮಾಡಿದವನಿಗೆ ಉಳಿಯುವುದು ಕಂತು. ಹಳೆಯ ಗಾಡಿಯನ್ನು ಬಿಚ್ಚಿ ಕಟ್ಟಿದವನಿಗೆ ಉಳಿಯುವುದು ಕಸುಬು. ಸಿಲಿಂಡರಿನ ಬೋರು ಅಳೆಯಲು ಬಂದವನು, ಹಳೆಯ ಆರು ವೋಲ್ಟಿನ ವಯರಿಂಗನ್ನು ದೀಪದಿಂದ ಡೈನಮೋವರೆಗೆ ಹುಡುಕಿ ಸರಿಮಾಡಲು ಬಂದವನು ಯಾವ ಗ್ಯಾರೇಜಿನ ಬಾಗಿಲಲ್ಲಿಯೂ ಕೈಕಟ್ಟಿ ನಿಲ್ಲಬೇಕಾಗಿಲ್ಲ. ಕೈ ಕೆಸರಾದರೆ ಬಾಯಿ ಮೊಸರು ಎಂದವರು ನಮ್ಮ ಹಿರಿಯರೇ. ಗ್ರೀಸು ಕೆಸರಲ್ಲವೇ?

ಕಾನೂನಿನ ಮಾತು

ಮೂರನೆಯ ಆಕ್ಷೇಪದಲ್ಲಿ ಹುರುಳಿದೆ. ಇದನ್ನು ಮುಚ್ಚಿಡುವವರು ನಾವಲ್ಲ. ಹುಡುಗರ ಬೆನ್ನು ತಟ್ಟಲು ಹೊರಟವರು ಅವರ ಕಿವಿ ಹಿಂಡಲೂ ತಯಾರಿರಬೇಕು.

1988ರ ಮೋಟಾರು ವಾಹನ ಕಾಯಿದೆಯ 52ನೆಯ ಕಲಮು ಸ್ಪಷ್ಟವಾಗಿದೆ: ತಯಾರಕರು ಮೊದಲು ನಿಗದಿ ಮಾಡಿದ ವಿವರಗಳಿಗೂ ನೋಂದಣಿ ಪತ್ರದ ವಿವರಗಳಿಗೂ ವ್ಯತ್ಯಾಸ ಬರುವಂತೆ ಗಾಡಿಯನ್ನು ಮಾರ್ಪಡಿಸಕೂಡದು. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಇದನ್ನೇ ಗಟ್ಟಿಯಾಗಿ ಹೇಳಿತು. ಅದೇ ವರ್ಷದ ತಿದ್ದುಪಡಿಯಂತೆ, ತಪ್ಪಿ ನಡೆದ ಮಾಲೀಕನಿಗೆ ಒಂದೊಂದು ಮಾರ್ಪಾಟಿಗೆ 5000 ರೂಪಾಯಿ ದಂಡ, ಇಲ್ಲವೆ ಆರು ತಿಂಗಳವರೆಗೆ ಸೆರೆ, ಇಲ್ಲವೆ ಎರಡೂ. ಅಲ್ಲದೆ ಮೋಟಾರು ಸೈಕಲಿನ ನೋಂದಣಿ 15 ವರ್ಷಕ್ಕೆ ಮುಗಿಯುತ್ತದೆ; ಅನಂತರ ಐದೈದು ವರ್ಷಕ್ಕೊಮ್ಮೆ ನವೀಕರಿಸಬೇಕು. ಅಜ್ಜನ ಹೆಸರಿನ ಕಾಗದ ಮೊಮ್ಮಗನ ಹೆಸರಿಗೆ ಬರಬೇಕು. ಹೊಗೆಯ ಪರೀಕ್ಷೆ ಆಗಬೇಕು, ವಿಮೆ ಕಟ್ಟಬೇಕು.

ಆದುದರಿಂದ ನಮ್ಮ ಷರತ್ತನ್ನು ಮೊದಲೇ ಹೇಳಿಬಿಡುತ್ತೇವೆ. ಚಾಸಿಗೆ ಗರಗಸ ಇಡುವವನಿಗೆ ಹಿಂದಿನ ಕೋಣೆಯಲ್ಲಿ ಜಾಗವಿಲ್ಲ. ಎಂಜಿನ್ನಿನ ನಂಬರು, ಚಾಸಿಯ ನಂಬರು ಮುಟ್ಟಕೂಡದು. ಬೇರೆ ಎಂಜಿನ್ ತಂದು ಕೂರಿಸಕೂಡದು. ಟ್ರೈಟನ್ ಕಟ್ಟಿದವರ ಕಾಲದ ಲಂಡನ್ ಅದು. ಇದು ನಮ್ಮ ಕಾಲದ ಮುಂಬಯಿ. ಹ್ಯಾಂಡಲಾಗಲಿ ಸೀಟಾಗಲಿ ಬದಲಿಸುವ ಮೊದಲು ಆರ್‌ಟಿಓ ಕಚೇರಿಗೆ ಬರವಣಿಗೆಯಲ್ಲಿ ಅರ್ಜಿ ಹೋಗಬೇಕು. ಕತ್ತರಿಸಿದ ಮೇಲೆ ಕೇಳುವುದಲ್ಲ, ಕತ್ತರಿಸುವ ಮೊದಲು ಕೇಳುವುದು. ಬೇಡವೆಂದರೆ ಬೇಡ, ಗಾಡಿ ಮೈಸೂರಿನಿಂದ ಬಂದ ರೂಪದಲ್ಲಿಯೇ ನಿಲ್ಲಲಿ. ಹ್ಯಾಂಡಲ್ ಎತ್ತರವಾಗಿಯೇ ಉಳಿದರೂ ಕಲಿತ ಕೆಲಸ ಕಡಿಮೆಯಾಗುವುದಿಲ್ಲ.

ಇನ್ನು ಹುಡುಗರಿಗೆ ಎರಡು ಮಾತು. ತಮ್ಮಂದಿರೇ, ಬ್ರೇಕಿನ ಲೈನರ್ ಸವೆದಿರುವಾಗ ಟಾಂಕಿಗೆ ಬಣ್ಣ ಬಳಿಯುವವನು ಮೆಕ್ಯಾನಿಕನಲ್ಲ, ಮದುವಣಗಿತ್ತಿಯ ಮೇಕಪ್ಪಿನವನು. ಓಡಿಸುವುದನ್ನು ಆಮೇಲೆ ಕಲಿಯಿರಿ, ನಿಲ್ಲಿಸುವುದನ್ನು ಮೊದಲು ಕಲಿಯಿರಿ. ಡ್ರಮ್ಮು, ಲೈನರ್, ಕೇಬಲ್, ಚಕ್ರದ ಬೇರಿಂಗು, ಟಯರು, ಇವು ಮೊದಲು, ಎಂಜಿನ್ ಆಮೇಲೆ, ಚೆಂದ ಕೊನೆಗೆ. ಕನ್ನಡಿ, ಮಡ್‌ಗಾರ್ಡು, ನಂಬರಿನ ಹಲಗೆ ಕಿತ್ತು ಬಿಸಾಡುವುದು ಶೌರ್ಯವಲ್ಲ. ಮಡ್‌ಗಾರ್ಡಿಲ್ಲದ ಗಾಡಿ ಮಳೆಗಾಲದ ಪರೇಲಿನಲ್ಲಿ ಯಾರ ಮುಖಕ್ಕೆ ಕೆಸರು ಹಾರಿಸುತ್ತದೆ? ಹಿಂದಿನಿಂದ ಬರುವ ಸೈಕಲಿನ ಕೆಲಸಗಾರನ ಮುಖಕ್ಕೆ.

ಸದ್ದಿನ ವಿಷಯಕ್ಕೆ ಬನ್ನಿ. ಸೈಲೆನ್ಸರ್ ಕತ್ತರಿಸಿದರೆ ಗಾಡಿಗೆ ಬಲ ಬರುತ್ತದೆ ಎಂದು ನಿಮ್ಮಲ್ಲಿ ಕೆಲವರು ನಂಬಿದ್ದೀರಿ. ಜಾವಾದಂಥ ಎರಡು ಸ್ಟ್ರೋಕಿನ ಎಂಜಿನ್ನಿಗೆ ಹೊಗೆಯ ಕೊಳವೆ ಬರಿಯ ಹೊಗೆ ಬಿಡುವ ದಾರಿಯಲ್ಲ. ಅದರ ಉದ್ದ, ಅದರ ಹೊಟ್ಟೆಯ ಅಳತೆ ಎಲ್ಲಕ್ಕೂ ಅರ್ಥವಿದೆ. ಹೊರಗೆ ಹೋದ ಒತ್ತಡದ ಅಲೆ ಕೊಳವೆಯೊಳಗೆ ಬಡಿದು ಮರಳಿ ಬಂದು, ಸಿಲಿಂಡರಿನಿಂದ ನುಸುಳಿ ಹೋಗುವ ಹೊಸ ಪೆಟ್ರೋಲಿನ ಮಿಶ್ರಣವನ್ನು ಒಳಗೇ ತಡೆಯುತ್ತದೆ. ಕಂಡಕಂಡಲ್ಲಿ ಕತ್ತರಿಸಿದರೆ ಸದ್ದು ಏರುತ್ತದೆ, ಬಲ ಇಳಿಯುತ್ತದೆ. ಈ ನಿಯಮ ಸಮಿತಿಯ ಸಭೆಗಳಿಗೂ ಅನ್ವಯಿಸುತ್ತದೆ ಎಂದು ವಿನಯದಿಂದ ಸೂಚಿಸುತ್ತೇವೆ.

ಈ ಗಾಡಿ ಹುಡುಗರ ಬುದ್ಧಿಯನ್ನು ಹೇಗೆ ಪರೀಕ್ಷೆ ಮಾಡುತ್ತದೆ ಎಂಬುದಕ್ಕೆ ಇನ್ನೊಂದು ನಿದರ್ಶನ. ಜಾವಾದಲ್ಲಿ ಕಿಕ್ ಹೊಡೆಯುವ ಕಡ್ಡಿಯೂ ಗೇರು ಬದಲಿಸುವ ಕಡ್ಡಿಯೂ ಒಂದೇ. ತಿರುಗಿಸಿ ಮೇಲೆತ್ತಿದರೆ ಕಿಕ್, ಇಳಿಸಿದರೆ ಗೇರು. ಲಂಡನ್ನಿನ ಹುಡುಗರಂತೆ ಕಾಲಿಡುವ ಕಡ್ಡಿಗಳನ್ನು ಹಿಂದಕ್ಕೆ ಸರಿಸಿದರೆ ಪಾದ ಗೇರಿಗೆ ಮುಟ್ಟುವುದಿಲ್ಲ. ನಡುವೆ ಒಂದು ಸಲಾಕೆ ಜೋಡಿಸಿದರೆ, ಕಿಕ್ ಹೊಡೆಯಲು ಕಡ್ಡಿ ಮೇಲೇಳುವುದಿಲ್ಲ. ಹಾಗಾದರೆ ಏನು ಮಾಡಬೇಕು? ಮೂವರು ಹುಡುಗರು ಕಾಗದದ ಮೇಲೆ ಇದಕ್ಕೆ ಉತ್ತರ ಬರೆದು ತೋರಿಸಿದ್ದಾರೆ: ಸಲಾಕೆಯನ್ನು ಒಂದು ಸಣ್ಣ ಮೊಳೆಯಿಂದ ಸಿಕ್ಕಿಸುವುದು, ಕಿಕ್ ಹೊಡೆಯುವಾಗ ಕಳಚುವುದು. ಎರಡು ಬಾರಿ ತಪ್ಪು ಬರೆದರು, ಮೂರನೆಯ ಬಾರಿ ಒಪ್ಪುವಂತೆ ಬರೆದರು. ಗಿರಣಿಯ ಸಾಂಚಾ ಖಾತೆಯಲ್ಲಿ ಫಿಟ್ಟರಾಗಿದ್ದ ನಮ್ಮ ಹಿರಿಯ ಸದಸ್ಯರೊಬ್ಬರು ಆ ಕಾಗದವನ್ನು ಕನ್ನಡಕ ಏರಿಸಿ ಬಹಳ ಹೊತ್ತು ನೋಡಿದರು. "ಮೊಳೆ ಈ ಬದಿಯಿಂದ ಹಾಕಬೇಡ ಮಗಾ, ಓಡುವಾಗ ಅದುರಿ ಉದುರೀತು, ಆ ಬದಿಯಿಂದ ಹಾಕು" ಎಂದರು. ಗಿರಣಿ ಮುಚ್ಚಿದ ಮೇಲೆ ಅವರ ಕಸುಬನ್ನು ಒಬ್ಬರೂ ಕೇಳಿರಲಿಲ್ಲ. ಅಂದು ಮೂವರು ಕೇಳಿದರು.

ಸಂಘವೇನು ಗ್ಯಾರೇಜೇ?

ಈಗ ಕೊನೆಯ ಪ್ರಶ್ನೆ. ಸಂಘವೇನು ಗ್ಯಾರೇಜೇ ಎಂದು ಕೇಳಿದವರಿಗೆ ನಾವು ತಿರುಗಿ ಕೇಳುತ್ತೇವೆ: ಸಂಘವೇನು ಶಾಲೆಯೇ? ಹಿಂದೊಂದು ಕಾಲದಲ್ಲಿ ಮುಂಬಯಿಯ ಕನ್ನಡಿಗರು ರಾತ್ರಿ ಶಾಲೆಗಳನ್ನು ತೆರೆದಾಗಲೂ ಈ ಮಾತು ಆಡಿದವರಿದ್ದಿರಬೇಕು. ಲೋಟ ತೊಳೆಯುವ ಹುಡುಗನಿಗೆ ಇಂಗ್ಲಿಷು ಏಕೆ, ಲೆಕ್ಕ ಏಕೆ ಎಂದು ನಕ್ಕವರಿದ್ದಿರಬೇಕು. ನಗೆಯನ್ನು ಲೆಕ್ಕಿಸದೆ ಬಾಗಿಲು ತೆರೆದುದರಿಂದಲೇ ಹಗಲು ಮೇಜು ಒರೆಸಿದವರು ರಾತ್ರಿ ಓದಿ ವಕೀಲರಾದರು, ಬ್ಯಾಂಕಿನ ನೌಕರರಾದರು, ಹೋಟೆಲಿನ ಯಜಮಾನರೂ ಆದರು. ಅಂದು ಬೇಕಾದದ್ದು ಅಕ್ಷರ. ಇಂದು ಅಕ್ಷರ ಬಂದಿದೆ, ಕೈ ಬರಿದಾಗಿದೆ. ನಮ್ಮ ಹುಡುಗರಿಗೆ ಮೊಬೈಲು ಒತ್ತುವುದು ಬರುತ್ತದೆ. ತಾವು ದಿನವಿಡೀ ಓಡಿಸುವ ಗಾಡಿಯ ಚೈನು ಬಿಗಿಮಾಡುವುದು ಬರುವುದಿಲ್ಲ. ಊಟದ ಪೊಟ್ಟಣ ಮುಟ್ಟಿಸುವವನ ಗಾಡಿ ಒಂದು ದಿನ ಕೆಟ್ಟು ನಿಂತರೆ ಆ ದಿನದ ಅನ್ನವೇ ನಿಂತಂತೆ. ಅಂಥವನಿಗೆ ಪಾನಾ ಹಿಡಿಯಲು ಕಲಿಸುವುದು ಸಂಘದ ಕೆಲಸವಲ್ಲವಾದರೆ, ಸನ್ಮಾನದ ಶಾಲು ಹೊದಿಸುವುದೊಂದೇ ಸಂಘದ ಕೆಲಸವೇ?

ಲಂಡನ್ನಿನ ಕಥೆಯನ್ನು ಅರ್ಧಕ್ಕೆ ನಿಲ್ಲಿಸಿದ್ದೆವು. 1962ರಲ್ಲಿ, ಊರೆಲ್ಲ ಆ ಹುಡುಗರನ್ನು ಬಯ್ಯುತ್ತಿದ್ದಾಗ, ಬಿಲ್ ಶೆರ್ಗೋಲ್ಡ್ ಎಂಬ ಪಾದ್ರಿ ತಾವೇ ಮೋಟಾರು ಸೈಕಲ್ ಏರಿ ಏಸ್ ಕೆಫೆಗೆ ಹೋದರು. ಬೈಯಲು ಹೋಗಲಿಲ್ಲ, ಕರೆಯಲು ಹೋದರು. ಪೂರ್ವ ಲಂಡನ್ನಿನ ಹ್ಯಾಕ್ನಿ ವಿಕ್ ಎಂಬ ಕಾರ್ಮಿಕರ ಕೇರಿಯಲ್ಲಿ '59 ಕ್ಲಬ್' ಎಂಬ ತರುಣರ ಸಂಘವಿತ್ತು. ಅದರ ಬಾಗಿಲನ್ನು ಅವರಿಗೆ ತೆರೆದುಕೊಟ್ಟರು. ಹುಡುಗರು ಬಂದರು, ಸಾವಿರಗಟ್ಟಲೆ ಸದಸ್ಯರಾದರು. ಏಸ್ ಕೆಫೆ 1969ರಲ್ಲಿ ಮುಚ್ಚಿಹೋಯಿತು. ಅದು ಮತ್ತೆ ತೆರೆಯಲು 2001 ಬರಬೇಕಾಯಿತು. ಆ ಸಂಘ ಮಾತ್ರ ನಡುವೆ ಮುಚ್ಚದೆ ಉಳಿದುಬಂತು. ಒಬ್ಬ ಪಾದ್ರಿಗೆ ಬಂದ ಬುದ್ಧಿ ಒಂದು ಕಾರ್ಮಿಕ ಸಂಘದ ಸಮಿತಿಗೆ ಬರಬಾರದೇ?

ಬಾಗಿಲು ಮುಚ್ಚಿದರೆ ಹುಡುಗರು ಸುಮ್ಮನೆ ಮನೆಗೆ ಹೋಗುತ್ತಾರೆಂದು ಯಾರೂ ತಿಳಿಯಬೇಕಾಗಿಲ್ಲ. ಅವರು ಬೇರೆ ಬಾಗಿಲಿಗೆ ಹೋಗುತ್ತಾರೆ. ಒಬ್ಬನು ಷೋರೂಮಿಗೆ ಹೋಗಿ ಸಾಲದ ಕಾಗದಕ್ಕೆ ಸಹಿ ಹಾಕುತ್ತಾನೆ. ಒಬ್ಬನು ಕಾಗದಪತ್ರವಿಲ್ಲದೆ ಗಾಡಿ ಕತ್ತರಿಸಿಕೊಡುವವನ ಕೈಗೆ ಬೀಳುತ್ತಾನೆ. ಒಬ್ಬನು ಅರ್ಧರಾತ್ರಿ ಹೆದ್ದಾರಿಯಲ್ಲಿ ಬರಿದಲೆಯಲ್ಲಿ ಪಂದ್ಯ ಕಟ್ಟುತ್ತಾನೆ. ಮರುದಿನ ಆಸ್ಪತ್ರೆಯ ಮುಂದೆ ನಾವೇ ವಂತಿಗೆಯ ಡಬ್ಬಿ ಹಿಡಿದು ನಿಲ್ಲುತ್ತೇವೆ. ಆಗ ಹಿಂದಿನ ಕೋಣೆಯ ಬಿದಿರು ನಮ್ಮನ್ನು ನೋಡಿ ನಗುತ್ತದೆ.

ಆದುದರಿಂದ ಮಹಾಸಭೆಯ ಮುಂದೆ ನಮ್ಮ ಬೇಡಿಕೆಗಳು ಇವು. ಹಿಂದಿನ ಕೋಣೆಯನ್ನು ವಾರಕ್ಕೆ ಎರಡು ಸಂಜೆ, ರಾತ್ರಿ ಹತ್ತರವರೆಗೆ ಮಾತ್ರ, ತರುಣರಿಗೆ ಬಿಟ್ಟುಕೊಡಬೇಕು. ಪೆಟ್ರೋಲು ಕೋಣೆಯೊಳಗೆ ಬರಕೂಡದು. ಟಾಂಕಿ ಹೊರಗೆ ಬರಿದಾದ ಮೇಲೆಯೇ ಗಾಡಿ ಒಳಗೆ ಬರಬೇಕು, ಬಾಗಿಲಲ್ಲಿ ಮರಳಿನ ಬಕೆಟ್ಟು ಇರಬೇಕು. ಗಿರಣಿಗಳಲ್ಲಿ ಫಿಟ್ಟರು, ಟರ್ನರು, ವಯರಮನ್ ಆಗಿದ್ದ ನಿವೃತ್ತ ಸದಸ್ಯರನ್ನು ಗುರುಗಳೆಂದು ಕರೆದು ಕುರ್ಚಿ ಹಾಕಿ ಕೂರಿಸಬೇಕು. ಅದಕ್ಕಾಗಿಯಾದರೂ ಕಾಲು ಮುರಿದ ಕುರ್ಚಿಗಳಿಗೆ ಮೊಳೆ ಬಿದ್ದೀತು. ಕಾನೂನಿನ ಷರತ್ತುಗಳನ್ನು ದೊಡ್ಡ ಅಕ್ಷರದಲ್ಲಿ ಬರೆದು ಗೋಡೆಗೆ ಅಂಟಿಸಬೇಕು. ಆರು ತಿಂಗಳು ನೋಡಿ, ಕೆಲಸ ಕೆಟ್ಟರೆ ಬೀಗವನ್ನು ಮತ್ತೆ ಹಾಕಿರಿ, ನಾವೇ ಹಾಕಿಕೊಡುತ್ತೇವೆ.

ಆ ಜಾವಾ ಗಂಟೆಗೆ ನೂರು ಮೈಲು ಓಡುವುದಿಲ್ಲ. 250 ಸಿಸಿಯ ಹಳೆಯ ಎಂಜಿನ್ನಿಗೆ ಅದು ಸಾಧ್ಯವೂ ಇಲ್ಲ. ಸಯನ್ ಸರ್ಕಲಿನ ಗದ್ದಲದಲ್ಲಿ ಅದು ಯಾರಿಗೂ ಬೇಕಾಗಿಯೂ ಇಲ್ಲ. ಅದು ಮೆಟ್ಟಿಲ ಕೆಳಗಿನಿಂದ ಸಂಘದ ಹಿಂದಿನ ಕೋಣೆಯವರೆಗೆ ಬಂದರೆ ಸಾಕು. ಬಾಕಿ ಸಂಬಳದ ಬದಲಿಗೆ ಬಾಣಸಿಗನೊಬ್ಬನ ಕೈಗೆ ಬಂದ ಗಾಡಿ, ಗಿರಣಿ ಫಿಟ್ಟರನ ಮಾತು ಕೇಳಿ, ಮೂವರು ದುಡಿಯುವ ಹುಡುಗರ ಕೈಯಲ್ಲಿ ಒಮ್ಮೆ ಕೆಮ್ಮಿ ಹೊಗೆಯುಗುಳಿ ಎದ್ದು ನಿಂತರೆ, ಆ ದಿನ ಹೋಟೆಲಿನ ಹಳೆಯ ಬಾಕಿ ಸ್ವಲ್ಪವಾದರೂ ತೀರಿತೆಂದು ನಾವು ತಿಳಿಯುತ್ತೇವೆ.

ಸದಸ್ಯ ಬಾಂಧವರೇ, ಮಹಾಸಭೆಗೆ ತಪ್ಪದೆ ಬನ್ನಿ. ರಾತ್ರಿ ಪಾಳಿಯವರು ರಜೆ ಕೇಳಿ ಬನ್ನಿ. ಕೈ ಎತ್ತುವಾಗ ಬೀಗದ ಕಡೆಗಲ್ಲ, ಹುಡುಗರ ಕಡೆಗೆ ನೋಡಿ ಎತ್ತಿರಿ.